ಊಟ ಆದ್ಮೇಲೆ 11 ನಿಮಿಷ

ಕಳೆದ ರಜೆಯಲ್ಲಿ ಅಪ್ಪನಿಗೆ ಶುಗರ್ ಇದೆ ಅಂತ ಗೊತ್ತಾಯ್ತು. ಡಾಕ್ಟರು ನನ್ನ ಕಡೆಗೂ ತಿರುಗಿ, "ನೀನೂ ಈಗಿನಿಂದಲೇ ಹುಷಾರಾಗಿರಪ್ಪ" ಅಂದ್ರು. ಅಪ್ಪ-ಅಮ್ಮನಿಗೆ ಟೈಪ್-2 ಮಧುಮೇಹ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ನಾವೋ, ಮೆಸ್‌ನಲ್ಲಿ ತಟ್ಟೆ ತುಂಬ ಅನ್ನ ಉಂಡು ನೇರ ಹಾಸಿಗೆಗೆ ಬೀಳೋರು!

ಅನ್ನ ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತಕ್ಕೆ ಸೇರುತ್ತದೆ. ಸ್ನಾಯುಗಳ ಬಾಗಿಲು ತೆರೆದು ಅದನ್ನು ಒಳಗೆ ಬಿಡುವ ಬೀಗದ ಕೈ ಇನ್ಸುಲಿನ್. ಆದರೆ ಇನ್ನೊಂದು ದಾರಿಯೂ ಇದೆ. ನಡೆಯುವಾಗ ತೊಡೆ ಮತ್ತು ಮೀನಖಂಡದ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆಯೇ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ಹಾಗಾಗಿ ಊಟದ ನಂತರ ರಕ್ತದ ಸಕ್ಕರೆ ಅಷ್ಟಾಗಿ ಏರುವುದಿಲ್ಲ. ಪಲ್ಯ, ಕೋಸಂಬರಿ ಮೊದಲು ತಿಂದು ಅನ್ನ ಆಮೇಲೆ ತಿಂದರೂ ಈ ಏರಿಕೆ ತಗ್ಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವ್ಯಾಯಾಮ. ಮಧ್ಯಾಹ್ನ, ರಾತ್ರಿ ಊಟ ಆದ್ಮೇಲೆ 11 ನಿಮಿಷ ನಡೆದರೆ ವಾರಕ್ಕೆ 154. ಲೆಕ್ಕ ಪಾಸ್! ವೇಗ ಎಷ್ಟಿರಬೇಕು? ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟೇ.

ಅಪ್ಪ ಈಗ ಊರಲ್ಲಿ ರಾತ್ರಿ ಊಟ ಮುಗಿಸಿ ವಾಕಿಂಗ್ ಹೊರಡುತ್ತಾರೆ. ಅದೇ ಹೊತ್ತಿಗೆ ನಾನು ಹಾಸ್ಟೆಲ್ ಸುತ್ತ ನಡೀತಾ ಅವರಿಗೆ ಫೋನ್ ಮಾಡ್ತೀನಿ. ನೀವೂ ಬನ್ನಿ.