ಚಂದಾದಾರರ ಪಟ್ಟಿಯೂ ಲೇಖಕನ ಭ್ರಮೆಗಳೂ

1953ರ ಅಕ್ಟೋಬರ್ 1ರಂದು ಅಂದಿನ ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರು ರಾಜ್ಯಕ್ಕೂ, ಆದವಾನಿ, ಆಲೂರು, ರಾಯದುರ್ಗಗಳು ಹೊಸದಾಗಿ ಹುಟ್ಟಿದ ಆಂಧ್ರಕ್ಕೂ ಸೇರಿಹೋದಂದಿನಿಂದ, ಆದವಾನಿಯಲ್ಲಿಯೋ ಕೌತಾಳದಲ್ಲಿಯೋ ಹೊಳಗುಂದದಲ್ಲಿಯೋ ಕುಳಿತು ಕನ್ನಡದಲ್ಲಿ ಬರೆಯುವವನ ಊರು ಒಂದು ರಾಜ್ಯದಲ್ಲಿಯೂ, ಅವನ ಪ್ರಕಾಶಕನೂ ವಿಮರ್ಶಕನೂ ಬಹುಪಾಲು ವಾಚಕರೂ ಮತ್ತೊಂದರಲ್ಲಿಯೂ ಉಳಿದಿದ್ದಾರೆ. ಇಂಥವನಿಗೆ, ಗಡಿಯನ್ನು ಲೆಕ್ಕಿಸದೆ ನೇರವಾಗಿ ವಾಚಕನ ಕೈಸೇರುವ ಇ-ಮೇಲ್ ಪತ್ರಿಕೆಯಷ್ಟು ಅನುಕೂಲವಾದ ಸಾಧನ ಇನ್ನೊಂದಿಲ್ಲ. ಆದರೆ ಅದನ್ನು ಕಳುಹಿಸಿಕೊಡುವ ಸೇವೆಯನ್ನು ಆರಿಸುವಾಗ ಕೆಲವು ನಂಬಿಕೆಗಳು ದಾರಿಗೆ ಅಡ್ಡವಾಗುತ್ತವೆ.

ಹೆಸರಾಂತ ಸಂಸ್ಥೆಯ ಸೇವೆಯು ಚಿರಸ್ಥಾಯಿಯೆಂಬುದು ಇವುಗಳಲ್ಲಿ ಮೊದಲನೆಯದು. ಲೇಖಕರಿಗೆ ಬಹುಪ್ರಿಯವಾಗಿದ್ದ, ಉಚಿತವೂ ಆಗಿದ್ದ ಟೈನಿಲೆಟರನ್ನು ಅದರ ಒಡೆಯನಾದ ಮೇಲ್‌ಚಿಂಪ್ ಸಂಸ್ಥೆಯು 2024ರ ಫೆಬ್ರುವರಿ 29ರಂದು ಮುಚ್ಚಿತು. ಟ್ವಿಟರ್ 2021ರಲ್ಲಿ ಕೊಂಡುಕೊಂಡಿದ್ದ ರೆವ್ಯೂ ಎಂಬ ಇಂಥದೇ ಸೇವೆಯು ಎರಡೇ ವರ್ಷಗಳಲ್ಲಿ, 2023ರ ಜನವರಿಯಲ್ಲಿ, ಕಣ್ಮುಚ್ಚಿತು. ಚಂದಾದಾರರ ವಿಳಾಸಗಳನ್ನು ಮೊದಲೇ ಕಡತವಾಗಿ ಇಳಿಸಿಕೊಂಡಿದ್ದವರು ಬೇರೊಂದು ಸೇವೆಗೆ ನಡೆದರು. ಇಳಿಸಿಕೊಳ್ಳದವರು ಮೊದಲಿನಿಂದ ಆರಂಭಿಸಬೇಕಾಯಿತು. ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರ ವಾಚಕರನ್ನು ಯಾವ ಮಧ್ಯವರ್ತಿಯೂ ಕಸಿದುಕೊಳ್ಳುವಂತಿರಲಿಲ್ಲವಷ್ಟೆ. ಆದುದರಿಂದ ಸೇವೆಯ ಅಂದಚಂದಗಳನ್ನು ನೋಡುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಹೆಸರು, ವಿಳಾಸ, ಸಮ್ಮತಿಯಿತ್ತ ದಿನಾಂಕಗಳ ಸಹಿತ ನನ್ನ ಪಟ್ಟಿಯನ್ನು ಬೇಕೆಂದಾಗ ನಾನು ಒಯ್ಯಬಹುದೆ?

ಇನ್ನು ಕೆಲವರು, ಸ್ವಂತ ಜಿಮೇಲ್ ಇರುವಾಗ ಸೇವೆಯ ಹಂಗೇಕೆ ಎನ್ನುತ್ತಾರೆ. ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗಿಂತ ಹೆಚ್ಚಿನವರಿಗೆ ಕಳುಹಿಸಲಾಗದು. ಬೇಡವೆಂದವನ ಹೆಸರನ್ನು ತಾನಾಗಿ ತೆಗೆದುಹಾಕುವ ಏರ್ಪಾಡೂ ಅಲ್ಲಿಲ್ಲ. ಹಾಗೆಂದು ಸೇವೆಯೊಂದನ್ನು ಹಿಡಿದು, ಕಳುಹಿಸುವವನ ವಿಳಾಸವನ್ನು ಮಾತ್ರ ಜಿಮೇಲಿನದಾಗಿಯೇ ಉಳಿಸಿಕೊಂಡರೆ, 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಬಿಗಿಗೊಳಿಸಿದ ನಿಯಮಗಳ ಕಾರಣ ಪತ್ರವು ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವ ಸಂಭವವೇ ಅಧಿಕ. ಸ್ವಂತ ಡೊಮೇನ್ ಹೆಸರೊಂದನ್ನು ಕೊಂಡು, ಆ ಸೇವೆಯು ಹೇಳುವ ದೃಢೀಕರಣದ ದಾಖಲೆಗಳನ್ನು ಅದಕ್ಕೆ ಸೇರಿಸತಕ್ಕದ್ದು. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯನ್ನು ನೆಚ್ಚುವವರು, ತಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲಪುವುದೆಂಬುದನ್ನು ನೆನಪಿಡಬೇಕು.

ಕನ್ನಡ ಲಿಪಿಯ ವಿಷಯದಲ್ಲಂತೂ ಭ್ರಮೆಗಳು ಎರಡು ತೆರನಾಗಿವೆ. ಅಕ್ಷರಗಳು ಚೆದರಿ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆಯೆಂಬ ಹಳೆಯ ಭೀತಿಗೆ ಕಾರಣ ಇ-ಮೇಲ್ ಅಲ್ಲ. ಡಿಟಿಪಿ ಅಂಗಡಿಯಲ್ಲಿ ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪ್ರತಿಯನ್ನು ಪರಿವರ್ತಿಸದೆ ಹಾಗೆಯೇ ಅಂಟಿಸುವುದೇ ಕಾರಣ. ಈ ಭೀತಿಯಿಂದಲೇ ಇಡೀ ಲೇಖನವನ್ನು ಚಿತ್ರವಾಗಿಸಿ ಕಳುಹಿಸುವವರಿದ್ದಾರೆ. ಅಂಥ ಪತ್ರವನ್ನು ಹುಡುಕಿ ತೆಗೆಯಲೂ ಆಗದು, ಕಣ್ಣು ಮಂದವಾದ ಹಿರಿಯರು ಅದರ ಅಕ್ಷರಗಳನ್ನು ದೊಡ್ಡದು ಮಾಡಿ ಸುಖವಾಗಿ ಓದಲೂ ಆಗದು. ಎರಡನೆಯದು, ಯೂನಿಕೋಡಿಗೆ ಬಂದ ಮೇಲೆ ಕನ್ನಡಕ್ಕೂ ಇಂಗ್ಲಿಷಿಗೂ ಭೇದವೇ ಇಲ್ಲವೆಂಬ ಸಮಾಧಾನ. ಭೇದವಿದೆ. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ 1 ಬೈಟ್ ಸಾಕಾಗುವಲ್ಲಿ, ಕನ್ನಡದ ಪ್ರತಿಯೊಂದು ಸಂಕೇತಕ್ಕೂ—ಗುಣಿತದ ಚಿಹ್ನೆಗೂ—3 ಬೈಟ್ ಬೇಕು. ‘ಆದವಾನಿ’ ಎಂಬ ಪುಟ್ಟ ಹೆಸರಿಗೇ 18. ಜಿಮೇಲಾದರೋ ಸುಮಾರು 102 ಕಿಲೋಬೈಟ್ ಮೀರಿದ ಪತ್ರದ ಬಾಲವನ್ನು ಕತ್ತರಿಸಿ ಅಡಗಿಸಿಡುತ್ತದೆ. ಅಲಂಕಾರಗಳಿಂದ ತುಂಬಿದ ಮಾದರಿಗಳ ಮರೆಯ ಸಂಕೇತಭಾರವೂ ಇದಕ್ಕೆ ಕೂಡುವುದರಿಂದ, ಇಂಗ್ಲಿಷಿನಲ್ಲಿ ಸಲೀಸಾಗಿ ಹೋಗುವ ದೀರ್ಘಪ್ರಬಂಧವು ಕನ್ನಡದಲ್ಲಿ ನಡುವೆಯೇ ತುಂಡಾದೀತು. ಕೊನೆಯಲ್ಲಿರುವ ‘ಚಂದಾ ಬೇಡ’ ಎಂಬ ಕೊಂಡಿಯೂ ಮರೆಯಾದೀತು. ಅದನ್ನು ಕಾಣದ ವಾಚಕನು ಬೇಸತ್ತು ‘ಸ್ಪ್ಯಾಮ್’ ಗುಂಡಿಯನ್ನು ಒತ್ತಿದರೆ, ಉಳಿದವರಿಗೆ ಹೋಗುವ ಪತ್ರಗಳಿಗೂ ಅದರ ಕಳಂಕ ತಟ್ಟುವುದು. ಸಾದಾ ಪಠ್ಯದಂತಹ ಮಾದರಿಯನ್ನು ಕೊಡುವ ಸೇವೆಯೇ ಕನ್ನಡ ಪ್ರಬಂಧಕಾರನಿಗೆ ಶ್ರೇಯಸ್ಕರವೆಂದು ನಾನು ಎಣಿಸುವುದು ಇದಕ್ಕಾಗಿಯೇ. ಆರಿಸುವ ಮುನ್ನ ತನ್ನ ಅತಿ ಉದ್ದದ ಬರಹವೊಂದನ್ನು ತನಗೇ ಕಳುಹಿಸಿಕೊಂಡು, ಕೊನೆಯ ಸಾಲಿನವರೆಗೂ ಬಂದಿತೇ ಎಂದು ಫೋನಿನಲ್ಲಿ ನೋಡುವುದು ಲೇಸು.

ಎಷ್ಟು ಮಂದಿ ‘ತೆರೆದರು’ ಎಂದು ಸೇವೆಗಳು ಹೇಳುವ ಪ್ರಮಾಣವನ್ನು ವಾಚಕರ ಗಣನೆಯೆಂದು ನಂಬಲಾಗದು. ಪತ್ರದಲ್ಲಿ ಅಡಗಿಸಿದ ಸಣ್ಣದೊಂದು ಚಿತ್ರವು ಲೋಡ್ ಆದೊಡನೆ ‘ತೆರೆದರು’ ಎಂದು ಎಣಿಸುವುದು ಈ ಲೆಕ್ಕದ ಕ್ರಮ. 2021ರ ಸೆಪ್ಟೆಂಬರಿನಿಂದ ಆಪಲ್ ತನ್ನ ಮೇಲ್ ಆ್ಯಪಿನಲ್ಲಿ ಖಾಸಗಿತನದ ರಕ್ಷಣೆಗೆ ಒಪ್ಪಿದವರ ಪತ್ರಗಳ ಚಿತ್ರಗಳನ್ನು ಯಾರೂ ಓದದಿದ್ದರೂ ಮೊದಲೇ ಇಳಿಸಿಕೊಳ್ಳುತ್ತದೆ. ಬಳ್ಳಾರಿಯಿಂದ ಬರುವ ಒಂದು ಮರುಪತ್ರವು ಈ ಶೇಕಡಾವಾರುಗಳಿಗಿಂತ ಹೆಚ್ಚು ವಿಶ್ವಾಸಾರ್ಹ.

ಉಳಿದದ್ದು ಹಣದ ಮಾತು. 2017ರಲ್ಲಿ ಹುಟ್ಟಿದ ಸಬ್‌ಸ್ಟ್ಯಾಕ್ ‘ಉಚಿತ’ವೆಂಬುದು ಅರ್ಧಸತ್ಯ: ಚಂದಾಹಣ ಪಡೆಯದ ಪತ್ರಿಕೆಗೆ ಅದು ಏನನ್ನೂ ಕೇಳದು, ಪಡೆದರೆ ನೂರಕ್ಕೆ ಹತ್ತನ್ನು ತೆಗೆದುಕೊಳ್ಳುವುದು, ಪಾವತಿಯ ಶುಲ್ಕ ಬೇರೆ. ಹತ್ತಿಯ ಮಾರುಕಟ್ಟೆಯಲ್ಲಿ ದಲಾಲಿಯ ಲೆಕ್ಕ ಕಂಡ ಆದವಾನಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲ್‌ಚಿಂಪ್, ಕಿಟ್ ಎಂಬ ಸೇವೆಗಳಾದರೋ ಚಂದಾದಾರರ ಸಂಖ್ಯೆ ಬೆಳೆದಂತೆ ತಿಂಗಳ ಬಾಡಿಗೆಯನ್ನು ಏರಿಸುತ್ತವೆ, ಸಂಪಾದನೆಯಿರಲಿ ಬಿಡಲಿ. ಅಲ್ಲದೆ ಸಬ್‌ಸ್ಟ್ಯಾಕಿನ ಚಂದಾಹಣವು ಸ್ಟ್ರೈಪ್ ಎಂಬ ಪಾವತಿ ಸಂಸ್ಥೆಯ ಮೂಲಕವೇ ಬರಬೇಕು. ಆ ಸಂಸ್ಥೆಯಾದರೋ 2024ರಿಂದ ಭಾರತದಲ್ಲಿ ಹೊಸ ಖಾತೆಗಳನ್ನು ಆಹ್ವಾನವಿದ್ದವರಿಗೆ ಮಾತ್ರ ತೆರೆಯುತ್ತಿದೆ. ಆದುದರಿಂದ ಸದ್ಯಕ್ಕೆ ಪತ್ರಿಕೆಯನ್ನು ಉಚಿತವಾಗಿಯೇ ಕಳುಹಿಸಿ, ಕೆಳಗೆ ಪುಸ್ತಕದ ಬೆಲೆಯನ್ನೂ ಪ್ರಕಾಶಕರ ಯುಪಿಐ ವಿವರವನ್ನೂ ನಮೂದಿಸುವುದೇ ಗಡಿಯ ಈಚೆಗಿರುವ ಲೇಖಕನಿಗೆ ಸುಲಭವಾದ ವ್ಯವಸ್ಥೆ.