ಗೋಡೆಗೂಡಿನ ರೆಫ್ರಿಜರೇಟರು ತಣಿಸದಾದಾಗ

ಬೇಸಗೆ ಬಂದಿತೆಂದರೆ ರೋಣ, ನರಗುಂದ, ಗಜೇಂದ್ರಗಡಗಳ ಎರೆಯ ಬಯಲು ಕಾದ ಹೆಂಚಿನಂತಾಗುತ್ತದೆ. ಮಧ್ಯಾಹ್ನದ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸಿನ ಸಮೀಪಕ್ಕೆ ಏರುವ ಈ ದಿನಗಳಲ್ಲಿಯೇ ಮನೆಯ ರೆಫ್ರಿಜರೇಟರಿನ ಮೇಲೆ ಹೆಚ್ಚಿನ ಭಾರ ಬೀಳುವುದು. ಅದು ಕೈಕೊಟ್ಟರೆ ತೊಂದರೆಯಾಗುವುದೂ ಈ ದಿನಗಳಲ್ಲಿಯೇ. ಹಾಲು ಒಡೆಯುತ್ತದೆ, ಕಾಯಿಪಲ್ಲೆ ಬಾಡುತ್ತದೆ. ಮಧುಮೇಹದ ರೋಗಿಯಿರುವ ಮನೆಯಲ್ಲಂತೂ 2ರಿಂದ 8 ಡಿಗ್ರಿಗಳ ನಡುವೆ ಕಾಯ್ದಿರಿಸಬೇಕಾದ ಇನ್ಸುಲಿನ್ನಿನ ಚಿಂತೆ ಹತ್ತುತ್ತದೆ. ಇಂಥ ಸಮಯದಲ್ಲಿ ಬೇಗನೆ ಕೇಳಿಬರುವ ತೀರ್ಪು ಒಂದುಂಟು: “ಕಂಪ್ರೆಸರು ಹೋಗಿದೆ, ಬದಲಿಸಬೇಕು.”

ಈ ತೀರ್ಪು ನಿಜವಾಗಿರಬಹುದು, ಅವಸರದ್ದೂ ಆಗಿರಬಹುದು. ನಿಜವಾಗಿದ್ದರೂ ಅದು ಅರ್ಧ ಉತ್ತರವಷ್ಟೆ. ಹಳೆಯ ಕಂಪ್ರೆಸರು ಏಕೆ ಕೆಟ್ಟಿತೆಂಬುದನ್ನು ತಿಳಿಯದೆ ಹೊಸದನ್ನು ಕೂಡಿಸಿದರೆ, ಅದೂ ಅದೇ ಹಾದಿಯನ್ನು ಹಿಡಿಯುವುದು. ಆದುದರಿಂದ ದೋಷವನ್ನು ಹುಡುಕುವ ಕ್ರಮವನ್ನು ಇಲ್ಲಿ ವಿಚಾರಿಸೋಣ. ಇದಕ್ಕೆ ಬೇಕಾದುದು ಕಾಲೇಜಿನ ಮೊದಲ ವರ್ಷಗಳಲ್ಲಿ ಕಲಿಯುವ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನಲ್ಲ.

ಶಾಖವನ್ನು ಹೊರುವ ಯಂತ್ರ

ರೆಫ್ರಿಜರೇಟರು ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಮಣ್ಣಿನ ಗಡಿಗೆಯಲ್ಲಿಯೂ ಇದೇ ತತ್ತ್ವವಿದೆ. ಗಡಿಗೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಪ್ರತಿ ಗ್ರಾಮಿಗೆ ಸುಮಾರು 2,400 ಜೂಲುಗಳಷ್ಟು ಗುಪ್ತೋಷ್ಣವನ್ನು ಉಳಿದ ನೀರಿನಿಂದ ಹೀರಿಕೊಂಡು ಹೋಗುತ್ತದೆ. ಆದರೆ ಗಡಿಗೆಯ ಆವಿ ಗಾಳಿಯಲ್ಲಿ ಬೆರೆತು ಹೋಯಿತೆಂದರೆ ಮರಳಿ ಬಾರದು. ಹೋದ ಆವಿಯನ್ನು ಹಿಡಿದು, ಒತ್ತಿ, ಮತ್ತೆ ದ್ರವವಾಗಿಸಿ, ಅದನ್ನೇ ಪುನಃ ಪುನಃ ಬಳಸುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ ಎಂಬವನು 1834ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟನ್ನು ಪಡೆದನು. ಇಂದಿನ ಮನೆಯ ರೆಫ್ರಿಜರೇಟರು ಆ ಯಂತ್ರದ ವಂಶದ್ದೇ.

ಈಗಿನ ಅನೇಕ ಪೆಟ್ಟಿಗೆಗಳಲ್ಲಿರುವ ಶೈತ್ಯಕಾರಕ ದ್ರವ್ಯವು ಐಸೊಬ್ಯುಟೇನ್. ಸಾಮಾನ್ಯ ವಾಯುಭಾರದಲ್ಲಿ ಇದು ಸೊನ್ನೆಗಿಂತ 12 ಡಿಗ್ರಿಗಳಷ್ಟು ಕೆಳಗೇ ಕುದಿಯುತ್ತದೆ. ಪೆಟ್ಟಿಗೆಯ ಒಳಗಿರುವ ನಾಳದಲ್ಲಿ, ಅಂದರೆ ಬಾಷ್ಪಕದಲ್ಲಿ, ಒತ್ತಡವನ್ನು ವಾಯುಭಾರಕ್ಕಿಂತಲೂ ಕಡಿಮೆಗೊಳಿಸಿದಾಗ ಅದು ಇನ್ನೂ ತಣ್ಣಗೆ ಕುದಿದು ಒಳಗಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಎಳೆದುಕೊಂಡು ಐದಾರು ವಾಯುಭಾರಗಳಷ್ಟು ಒತ್ತಡಕ್ಕೆ ಏರಿಸುವುದು ಕಂಪ್ರೆಸರಿನ, ಎಂದರೆ ಸಂಪೀಡಕದ, ಕೆಲಸ. ಒತ್ತಿದ ಬಿಸಿ ಆವಿಯು ಹೊರಗಿನ ಸಾಂದ್ರಕದ ನಾಳಗಳಲ್ಲಿ ಕೋಣೆಯ ಗಾಳಿಗೆ ಶಾಖವನ್ನು ಕೊಟ್ಟು ದ್ರವವಾಗುತ್ತದೆ. ತೇವವನ್ನು ಹೀರುವ ಒಂದು ಶೋಧಕವನ್ನು ದಾಟಿ, ಒಂದು ಮಿಲಿಮೀಟರಿಗಿಂತಲೂ ಕಿರಿದಾದ ಕೇಶನಾಳದ ಮೂಲಕ ತೂರಿ ಮತ್ತೆ ಬಾಷ್ಪಕವನ್ನು ಸೇರುತ್ತದೆ.

ಈ ಚಕ್ರದಲ್ಲಿ ನಾಲ್ಕು ಅಂಗಗಳಿದ್ದರೂ, ಸದ್ದು ಮಾಡುವುದು ಕಂಪ್ರೆಸರೊಂದೇ. ತಂಪು ತಪ್ಪಿದೊಡನೆ ಎಲ್ಲರ ಸಂಶಯವೂ ಅದರ ಮೇಲೆಯೇ ಹೋಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ಗೂಡಿಗೂ ಉಸಿರು ಬೇಕು

ಹೊಸ ಅಡುಗೆಮನೆಗಳಲ್ಲಿ ರೆಫ್ರಿಜರೇಟರನ್ನು ಮರದ ಕಪಾಟುಗಳ ನಡುವೆ ಹುದುಗಿಸುವ ಪದ್ಧತಿ ಬಂದಿದೆ. ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಗೋಡೆಯ ಗೂಡಿನಲ್ಲಿಯೇ ಅದನ್ನು ನಿಲ್ಲಿಸುವುದೂ ಉಂಟು. ನೋಟಕ್ಕೆ ಇದು ಚೆಂದ. ಆದರೆ ಒಳಗಿನಿಂದ ಹೊತ್ತು ತಂದ ಶಾಖವನ್ನು ಚೆಲ್ಲುವುದೆಲ್ಲಿ? ಗೂಡಿನ ಗಾಳಿ ಕದಲದಿದ್ದರೆ ಸಾಂದ್ರಕವು ತನ್ನದೇ ಬಿಸಿಯಲ್ಲಿ ಬೇಯುತ್ತದೆ.

ಇದರ ಪರಿಣಾಮವನ್ನು ಕಾರ್ನೋ ಸೂತ್ರದಿಂದ ಅಳೆಯಬಹುದು. ಆದರ್ಶ ಶೈತ್ಯಯಂತ್ರದ ಕಾರ್ಯಗುಣಾಂಕವು, ತಂಪು ಭಾಗದ ನಿರಪೇಕ್ಷ ಉಷ್ಣಮಾನವನ್ನು ಎರಡೂ ಭಾಗಗಳ ಉಷ್ಣಮಾನಗಳ ಅಂತರದಿಂದ ಭಾಗಿಸಿದರೆ ಬರುವ ಸಂಖ್ಯೆ. ಬಾಷ್ಪಕವು 250 ಕೆಲ್ವಿನ್, ಅಂದರೆ ಸೊನ್ನೆಗಿಂತ 23 ಡಿಗ್ರಿ ಕೆಳಗೆ ಇರಲಿ. ಸಾಂದ್ರಕವು 40 ಡಿಗ್ರಿಯಲ್ಲಿದ್ದರೆ ಗುಣಾಂಕವು 250ನ್ನು 63ರಿಂದ ಭಾಗಿಸಿದಾಗ ಬರುವ ಸುಮಾರು 4. ಸಾಂದ್ರಕವು 60 ಡಿಗ್ರಿಗೆ ಏರಿದರೆ ಅದು 250ನ್ನು 83ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 3. ಅದೇ ವಿದ್ಯುತ್ತಿನಿಂದ ದೊರೆಯುವ ತಂಪಿನಲ್ಲಿ ಕಾಲುಭಾಗವು ಹೀಗೆ ಕಳೆದುಹೋಯಿತು. ನಿಜವಾದ ಯಂತ್ರದ ಗುಣಾಂಕವು ಇದಕ್ಕಿಂತ ಕಡಿಮೆಯಿದ್ದರೂ ಇಳಿಕೆಯ ದಿಕ್ಕು ಇದೇ. ಮೇಲಾಗಿ, ಸಾಂದ್ರಕದ ಉಷ್ಣಮಾನ ಏರಿದಂತೆ ಅಲ್ಲಿಯ ಒತ್ತಡವೂ ಏರುವುದರಿಂದ ಕಂಪ್ರೆಸರಿನ ದುಡಿಮೆ ಹೆಚ್ಚುತ್ತದೆ. ಅದರ ಎಣ್ಣೆ ಕಾಯುತ್ತದೆ, ತಂತಿಯ ಸುರುಳಿಗಳ ಮೇಲಿನ ಲೇಪವು ಬೇಗ ಸವೆಯುತ್ತದೆ.

ಎರೆಮಣ್ಣಿನ ಧೂಳಿಗೆ, ಮಗ್ಗವಿರುವ ಮನೆಯಾದರೆ ನೂಲಿನ ಎಳೆಗಳಿಗೆ, ಸಾಂದ್ರಕದ ನಾಳಗಳ ಮೇಲೆ ಕುಳಿತುಕೊಳ್ಳುವ ಅಭ್ಯಾಸವುಂಟು. ಅಲ್ಲಿ ಅವು ಕಂಬಳಿಯ ಕೆಲಸವನ್ನೇ ಮಾಡುತ್ತವೆ.

ಹೊರಗಿನಿಂದ ಒಳಕ್ಕೆ

ದೋಷವನ್ನು ಹುಡುಕುವಾಗ ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ ಎಂಬ ನಿಯಮವನ್ನು ಬಿಡಬಾರದು. ಬಾಗಿಲಿನ ರಬ್ಬರು ಸರಿಯಾಗಿ ಕೂಡುತ್ತದೆಯೆ? ಸಾಂದ್ರಕ ಶುದ್ಧವಿದೆಯೆ? ಗೂಡಿನ ಕೆಳಗೆ ಗಾಳಿ ಬರಲು, ಮೇಲೆ ಬಿಸಿ ಹೋಗಲು ದಾರಿ ಇದೆಯೆ? ಹಿಮ ತಾನಾಗಿ ಕರಗುವ ಬಗೆಯ ಪೆಟ್ಟಿಗೆಯಲ್ಲಿ ಒಳಗಿನ ಫ್ಯಾನು ತಿರುಗುತ್ತದೆಯೆ? ಹಿಮ ಕರಗಿಸುವ ಹೀಟರು ಕೆಟ್ಟರೆ ಬಾಷ್ಪಕವು ಮಂಜುಗಡ್ಡೆಯಲ್ಲಿ ಹೂತುಹೋಗಿ, ಕಂಪ್ರೆಸರು ಎಡೆಬಿಡದೆ ದುಡಿಯುತ್ತಿದ್ದರೂ ಕೆಳಗಿನ ಅರೆಗೆ ತಂಪು ಇಳಿಯುವುದಿಲ್ಲ. ಇದು ಕಂಪ್ರೆಸರಿನ ಮೇಲೆ ಬರುವ ಸುಳ್ಳು ಆಪಾದನೆಗಳಲ್ಲಿ ಒಂದು.

ಎರಡನೆಯದು ವೋಲ್ಟೇಜು. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದ ಮಾತ್ರಕ್ಕೆ ಬಯಲಿನ ಕೊನೆಯ ಮನೆಗೆ ಪೂರ್ಣ 230 ವೋಲ್ಟು ತಲುಪೀತೆಂದು ಹೇಳಲಾಗದು. ಉದ್ದದ ತಂತಿಯ ಮೇಲೆ ಒಂದೇ ಕಾಲಕ್ಕೆ ಅನೇಕ ನೀರೆತ್ತುವ ಪಂಪುಗಳು ನಡೆದಾಗ, ಓಮನ ನಿಯಮಕ್ಕೆ ಅನುಸಾರವಾಗಿ ತಂತಿಯಲ್ಲಿಯೇ ಒಂದಿಷ್ಟು ವೋಲ್ಟೇಜು ಕಳೆಯುತ್ತದೆ. ಮೋಟಾರಿನ ತಿರುಚುಬಲವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 230ರ ಬದಲು 170 ವೋಲ್ಟು ಬಂದರೆ ಬಲವು ನೂರಕ್ಕೆ 55ರಷ್ಟೇ ಉಳಿಯುತ್ತದೆ. ಆಗ ಕಂಪ್ರೆಸರು ಗುಂಯ್ ಎಂದು ಗೊಣಗಿ, ತಿರುಗಲಾರದೆ, ಕೆಲವು ಕ್ಷಣಗಳಲ್ಲಿ ‘ಟಿಕ್’ ಎಂದು ನಿಲ್ಲುತ್ತದೆ. ಆ ‘ಟಿಕ್’ ಶಬ್ದವು ಮಿತಿಮೀರಿದ ಪ್ರವಾಹವನ್ನು ತಡೆಯುವ ದ್ವಿಲೋಹದ ರಕ್ಷಕದ್ದು. ಅದು ಮೋಟಾರನ್ನು ಕಾಯುತ್ತಿದೆಯೆಂದೇ ಅದರ ಅರ್ಥ.

ವಿದ್ಯುತ್ತು ಹೋಗಿ ತಟ್ಟನೆ ಮರಳಿದಾಗಲೂ ಹೀಗೆಯೇ ಆಗಬಹುದು. ಕೇಶನಾಳವು ಕಿರಿದಾದುದರಿಂದ ಎರಡು ಕಡೆಗಳ ಒತ್ತಡಗಳು ಸಮವಾಗಲು ಕೆಲವು ನಿಮಿಷಗಳು ಬೇಕು. ಅಷ್ಟರಲ್ಲಿ ವಿದ್ಯುತ್ತು ಬಂದರೆ ಮೋಟಾರು ತುಂಬಿದ ಒತ್ತಡಕ್ಕೆ ಎದುರಾಗಿ ಹೊರಡಬೇಕಾಗುತ್ತದೆ. ಐದು ನಿಮಿಷ ತಡೆದು ವಿದ್ಯುತ್ತನ್ನು ಕೊಡುವ ಸ್ಟೆಬಿಲೈಜರಿನ ಉಪಯೋಗ ಇಲ್ಲಿದೆ.

ಮೂರು ಕಡ್ಡಿಗಳ ಸಾಕ್ಷ್ಯ

ವೋಲ್ಟೇಜು ಸರಿಯಿದ್ದೂ ಗೊಣಗು ನಿಲ್ಲದಿದ್ದರೆ ಮುಂದಿನ ಸಂಶಯವು ಕಂಪ್ರೆಸರಿನ ಪಕ್ಕಕ್ಕೆ ಸಿಕ್ಕಿಸಿದ ಚಾಲನೆಯ ರಿಲೇಯ ಮೇಲೆ. ಬೆಲೆಯಲ್ಲಿ ಇದು ಕಂಪ್ರೆಸರಿನ ಒಂದು ಚಿಕ್ಕ ಅಂಶವಷ್ಟೆ. ಪ್ಲಗ್ಗನ್ನು ಕಿತ್ತು, ಕೆಪಾಸಿಟರಿದ್ದರೆ ಅದರ ವಿದ್ಯುದಾವೇಶವನ್ನು ಕಳೆದ ಮೇಲೆಯೇ ಇದನ್ನು ಮುಟ್ಟತಕ್ಕದ್ದು; ಅನುಭವಿ ಕೆಲಸಗಾರನಿಲ್ಲದೆ ವಿದ್ಯಾರ್ಥಿಗಳು ಈ ಹೆಜ್ಜೆಯಿಡಕೂಡದು. ಬಿಚ್ಚಿದ ರಿಲೇಯನ್ನು ಅಲುಗಿಸಿದಾಗ ಒಳಗೆ ಚೂರುಗಳು ಗಲಗಲಿಸಿದರೆ ಅದರ ಬಿಲ್ಲೆ ಒಡೆದಿದೆ. ಅದನ್ನು ಬದಲಿಸಿದರೆ ಪೆಟ್ಟಿಗೆಗೆ ಮತ್ತೆ ಜೀವ ಬಂದೀತು.

ರಿಲೇಯೂ ನಿರಪರಾಧಿಯಾದರೆ, ಈಗ ಕಂಪ್ರೆಸರನ್ನೇ ಪ್ರಶ್ನಿಸಬೇಕು. ಮೋಟಾರೂ ಕೊಂತವೂ ಒಂದೇ ಉಕ್ಕಿನ ಕರಡಿಗೆಯಲ್ಲಿ ಬೆಸೆದು ಮುಚ್ಚಿರುವುದರಿಂದ ಒಳಗಿನದು ಕಾಣದು. ಆದರೆ ಹೊರಗೆ ಚಾಚಿದ ಮೂರು ಕಡ್ಡಿಗಳು ಸಾಕ್ಷ್ಯವನ್ನು ಹೇಳುತ್ತವೆ. ಒಂದು ಎರಡು ಸುರುಳಿಗಳಿಗೂ ಸಮಾನವಾದುದು. ಇನ್ನೊಂದು ಓಟದ ಸುರುಳಿಯದು. ಮತ್ತೊಂದು ಚಾಲನೆಯ ಸುರುಳಿಯದು. ಮಲ್ಟಿಮೀಟರಿನಿಂದ ಅಳೆದಾಗ, ಉದಾಹರಣೆಗೆ, ಓಟದ ಸುರುಳಿಯು 12 ಓಮು, ಚಾಲನೆಯದು 20 ಓಮು ತೋರಿದರೆ, ಆ ಎರಡರ ತುದಿಗಳ ನಡುವೆ 32 ಓಮು ಬರಬೇಕು. ಶ್ರೇಣಿಯಲ್ಲಿ ಜೋಡಿಸಿದ ರೋಧಗಳ ಮೊತ್ತವಲ್ಲವೆ? ಮೊತ್ತ ಕೂಡದಿದ್ದರೆ ಸುರುಳಿಗಳು ಒಳಗೆ ಒಂದನ್ನೊಂದು ಮುಟ್ಟಿರಬಹುದು. ಯಾವುದಾದರೂ ಅಳತೆ ಅನಂತವಾದರೆ ಆ ದಾರಿಯಲ್ಲಿ ತಂತಿ ಕಡಿದಿದೆ. ಆದರೆ ರಕ್ಷಕವು ಕರಡಿಗೆಯ ಒಳಗೇ ಇರುವ ಬಗೆಯಾದರೆ ಅದು ತಣಿದ ಮೇಲೆ ಮತ್ತೊಮ್ಮೆ ಅಳೆದೇ ನಿರ್ಣಯಿಸಬೇಕು. ಯಾವುದೇ ಕಡ್ಡಿಗೂ ಉಕ್ಕಿನ ಮೈಗೂ ವಿದ್ಯುತ್ಸಂಪರ್ಕ ಕಂಡರೆ ಅವಾಹಕ ಲೇಪ ಸುಟ್ಟಿದೆ. ಅಂಥ ಪೆಟ್ಟಿಗೆಯನ್ನು ಮತ್ತೆ ಪ್ಲಗ್ಗಿಗೆ ಸೇರಿಸುವುದು ಪ್ರಾಣಾಪಾಯ.

ಇನ್ವರ್ಟರ್ ಎಂದು ಕರೆಯುವ ಹೊಸ ಬಗೆಯ ಕಂಪ್ರೆಸರಿಗೆ ಈ ಮೊತ್ತದ ನಿಯಮ ಸಲ್ಲದು. ಅದರ ಮೂರು ಅಳತೆಗಳೂ ಹೆಚ್ಚುಕಡಿಮೆ ಸಮನಾಗಿರಬೇಕು. ಅಲ್ಲಿ ಚಾಲನೆಯ ರಿಲೇ ಇಲ್ಲ; ಎಲೆಕ್ಟ್ರಾನಿಕ್ ಹಲಗೆ ಉಂಟು. ಮೊದಲು ಸಂಶಯಿಸಬೇಕಾದುದು ಆ ಹಲಗೆಯನ್ನು.

ಮೋಟಾರು ಓಡುತ್ತಿದೆ, ತಂಪು ಮಾತ್ರ ಇಲ್ಲ ಎಂಬ ಸ್ಥಿತಿಯೂ ಉಂಟು. ಆಗ ಅನಿಲ ಸೋರಿರಬಹುದು, ಕೇಶನಾಳ ಕಟ್ಟಿರಬಹುದು, ಇಲ್ಲವೆ ಕಂಪ್ರೆಸರಿನ ಕವಾಟಗಳು ಸವೆದಿರಬಹುದು. ಬಾಷ್ಪಕದ ಒಂದು ತುದಿಗೆ ಮಾತ್ರ ಹಿಮ ಹಿಡಿದಿದ್ದರೆ ಸಂಶಯವು ಅನಿಲದ ಕೊರತೆಯ ಕಡೆಗೆ ತಿರುಗುತ್ತದೆ. ಬೆಸುಗೆಯ ಬಳಿಯ ಎಣ್ಣೆಯ ಕಲೆ ಸೋರಿಕೆಯ ಗುರುತು. ಸೋರಿಕೆಯನ್ನು ಮುಚ್ಚಿ, ತಕ್ಕ ತೂಕದ ಅನಿಲವನ್ನು ತುಂಬಿದ ಮೇಲೆಯೂ ಎರಡು ಕಡೆಗಳ ಒತ್ತಡದ ಅಂತರ ಬೆಳೆಯದಿದ್ದರೆ ಮಾತ್ರ ಕವಾಟಗಳನ್ನು ದೂಷಿಸಬೇಕು.

ಬದಲಿಸುವ ಕೆಲಸ

ಅಪರಾಧ ಸಿದ್ಧವಾದ ಮೇಲೆ ಕಂಪ್ರೆಸರನ್ನು ಬದಲಿಸುವುದು ತರಬೇತಿ ಪಡೆದ ಕೆಲಸಗಾರನ ಕರ್ತವ್ಯ. ಐಸೊಬ್ಯುಟೇನ್ ಹೊತ್ತಿಕೊಳ್ಳುವ ಅನಿಲ. ಗಾಳಿಯಲ್ಲಿ ನೂರಕ್ಕೆ ಎರಡು ಭಾಗಕ್ಕಿಂತ ಕಡಿಮೆ ಬೆರೆತರೂ ಕಿಡಿ ಸಾಕು. ಗಾಳಿಗಿಂತ ಎರಡು ಪಟ್ಟು ತೂಕವಾದುದರಿಂದ ಅದು ನೆಲದ ಮೇಲೆ, ಗೂಡಿನ ತಳದಲ್ಲಿ ನಿಲ್ಲುತ್ತದೆ. ಅದೇ ಕೋಣೆಯಲ್ಲಿ ಅಡುಗೆಯ ಒಲೆಯಿರುತ್ತದೆ! ಆದುದರಿಂದ ಪೆಟ್ಟಿಗೆಯನ್ನು ಗೂಡಿನಿಂದ ಹೊರಕ್ಕೆಳೆದು, ಬೆಂಕಿಯನ್ನೆಲ್ಲ ಆರಿಸಿ, ಅನಿಲವನ್ನು ಕೊಳವೆಯ ಮೂಲಕ ಬಯಲಿಗೆ ಬಿಡಬೇಕು. ಹಳೆಯ ಕಂಪ್ರೆಸರಿನ ನಾಳಗಳನ್ನು ಕತ್ತರಿಯಿಂದ ಕೊಯ್ಯಬೇಕಲ್ಲದೆ ಜ್ವಾಲೆಯಿಂದ ಬಿಡಿಸಕೂಡದು. ನಾಳಗಳಲ್ಲಿ ನೈಟ್ರೊಜನ್ ಹಾಯಿಸಿ, ಉಳಿದ ಅನಿಲವನ್ನು ತೊಳೆದ ಮೇಲೆಯೇ ಬೆಸುಗೆ.

ಹೊಸ ಕಂಪ್ರೆಸರು ಅದೇ ಶೈತ್ಯಕಾರಕಕ್ಕೆ, ಅದೇ ಸಾಮರ್ಥ್ಯಕ್ಕೆ, ಅದೇ ಬಗೆಯ ಎಣ್ಣೆಗೆ ಹೊಂದತಕ್ಕದ್ದು. ತೇವ ಹೀರುವ ಶೋಧಕವನ್ನೂ ಕೂಡ ಹೊಸದಾಗಿ ಹಾಕಬೇಕು. ಒಣ ನೈಟ್ರೊಜನ್ನಿನ ಒತ್ತಡದಿಂದ ಬೆಸುಗೆಗಳನ್ನು ಪರೀಕ್ಷಿಸಿ, ಆ ಬಳಿಕ ನಿರ್ವಾತ ಪಂಪನ್ನು ಹಚ್ಚಬೇಕು. ಇದು ಗಾಳಿಯನ್ನು ಹೊರದೂಡುವುದಕ್ಕೆ ಮಾತ್ರವಲ್ಲ. 30 ಡಿಗ್ರಿಯಲ್ಲಿ ನೀರು ವಾಯುಭಾರದ ಸುಮಾರು ಇಪ್ಪತ್ತನಾಲ್ಕನೆಯ ಒಂದು ಪಾಲಿನ ಒತ್ತಡದಲ್ಲಿ ಕುದಿಯುತ್ತದೆ. ನಿರ್ವಾತವು ಅದಕ್ಕಿಂತಲೂ ಬಹಳ ಆಳವಾದಾಗ ನಾಳದ ತೇವವೆಲ್ಲ ಆವಿಯಾಗಿ ಹೋಗುತ್ತದೆ. ಉಳಿದ ಒಂದು ಹನಿಯೂ ಕೇಶನಾಳದ ಬಾಯಲ್ಲಿ ಹೆಪ್ಪುಗಟ್ಟಿ ದಾರಿಯನ್ನು ಮುಚ್ಚಬಲ್ಲದು. ಕೊನೆಗೆ ಅನಿಲವನ್ನು ತಕ್ಕಡಿಯ ಮೇಲೆ ತೂಗಿಯೇ ತುಂಬತಕ್ಕದ್ದು. ಪೆಟ್ಟಿಗೆಗೆ 50 ಗ್ರಾಮು ಬೇಕಿದ್ದಲ್ಲಿ 5 ಗ್ರಾಮಿನ ತಪ್ಪು ನೂರಕ್ಕೆ ಹತ್ತರ ತಪ್ಪಾಗುವುದರಿಂದ ಕೈಯಂದಾಜು ಇಲ್ಲಿ ನಡೆಯದು.

ಇಷ್ಟಾದ ಮೇಲೆ ಪೆಟ್ಟಿಗೆಯನ್ನು ಅದೇ ಉಸಿರುಗಟ್ಟಿಸುವ ಗೂಡಿಗೆ ತಳ್ಳಿದರೆ ಪಟ್ಟ ಶ್ರಮವೂ ಸುರಿದ ಹಣವೂ ವ್ಯರ್ಥ. ಗೂಡಿನ ತಳದಲ್ಲಿಯೂ ತಲೆಯಲ್ಲಿಯೂ ಜಾಳಿಗೆಯ ಕಿಂಡಿಗಳನ್ನು ಮಾಡಿಸಬೇಕು. ತಯಾರಕರು ಹೇಳಿದಷ್ಟು ತೆರವನ್ನು ಸುತ್ತಲೂ ಬಿಡಬೇಕು. ಬೇಸಗೆಗೆ ಮುಂಚೆ ಒಮ್ಮೆ ಸಾಂದ್ರಕದ ಧೂಳನ್ನು ಜಾಡಿಸಬೇಕು. ಒಂದು ಲೋಟ ನೀರಿನಲ್ಲಿ ಉಷ್ಣಮಾಪಕವನ್ನಿಟ್ಟು ನಡುವಣ ಅರೆಯಲ್ಲಿ ರಾತ್ರಿಯೆಲ್ಲ ಬಿಡಿರಿ. ಬೆಳಿಗ್ಗೆ ಅದು 4 ಅಥವಾ 5 ಡಿಗ್ರಿಯನ್ನು ತೋರಿದರೆ ಹಾಲಿಗೂ ಔಷಧಿಗೂ ಭಯವಿಲ್ಲ. ಆ ಅಂಕಿಯನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ, ಮುಂದೆ ದೋಷವು ತಲೆದೋರಿದಾಗ ಅದು ಬಾಯಿಮಾತಿನ ತೀರ್ಪಿಗಿಂತ ಮೊದಲೇ ನಿಮ್ಮ ಕಣ್ಣಿಗೆ ಬೀಳುವುದು.