ಉಮರ್ಗಾದ ಹುಡುಗ ಕೇಳಿದ ಪ್ರಶ್ನೆ

2025ರ ಮೇ 24, ಶನಿವಾರ. ಗುಲಬರ್ಗದ ಸ್ನೇಹಿತರೊಬ್ಬರ ಮನೆಯ ಮದುವೆ ಉಮರ್ಗಾದಲ್ಲಿತ್ತು. ಬೇಸಗೆ ರಜೆಯಾದ್ದರಿಂದ ನಾವೂ ಹೋಗಿದ್ದೆವು. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಆ ಊರನ್ನು ಹಾದುಹೋಗುತ್ತದೆ. ಸಂಜೆ ರಸ್ತೆ ಬದಿಯ ಚಹಾದಂಗಡಿಯಲ್ಲಿ ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗನೊಬ್ಬ ಮೊಬೈಲಿನಲ್ಲಿ ಮೋಟಾರು ಓಟ ನೋಡುತ್ತಿದ್ದ. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ತಲೆಯೆತ್ತಿ, "ಸರ್, ಮುಂದ್ ಹೊಂಟಾನಲ್ರಿ, ಇಂವ ಬೆಂಗಳೂರಾಂವ ಇದ್ದಾನ್ರಿ" ಎಂದ.

ಆ ಕಡೆಯ ಕನ್ನಡಿಗರ ಪಾಡು ನಮ್ಮ ಪಾಡೇ. ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಅವು ಮುಂಬಯಿ ರಾಜ್ಯಕ್ಕೆ ಹೋದವು. ಈ ಹುಡುಗನಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ.

ಮುಂದೆ ಓಡುತ್ತಿದ್ದವನು ಕುಶ್ ಮೈನಿ. ಮೊನಾಕೋ ನಗರದ ಬೀದಿಗಳಲ್ಲಿ ನಡೆದ ಆ ದಿನದ ಫಾರ್ಮುಲಾ ಟೂ ಸಣ್ಣ ಓಟವನ್ನು ಅವನೇ ಗೆದ್ದ. ಅಲ್ಲಿ ಈ ದರ್ಜೆಯ ಓಟ ಗೆದ್ದ ಮೊದಲ ಭಾರತೀಯ ಅವನು. ಹುಡುಗ ಮೊಬೈಲನ್ನು ಕಿಸೆಗೆ ಹಾಕಿ, "ಅಲ್ಲಿಗಿ ಹೋಗ್ಬೇಕಂದ್ರ ಏನ್ ಓದ್ಬೇಕ್ರಿ, ಸರ್?" ಎಂದು ಕೇಳಿದ. ಟಿ.ಸಿ.ಎಚ್. ಮುಗಿಸಿ ಎರಡು ದಶಕ ಪಾಠ ಹೇಳಿದ ನಮ್ಮಲ್ಲಿ ಉತ್ತರವಿರಲಿಲ್ಲ. ಅಂಗಡಿಯವರಿಂದ ಅವನ ವಿಳಾಸ ಬರೆದುಕೊಂಡು ಊರಿಗೆ ಬಂದೆವು. ಬಂದ ಮೇಲೆ ತಿಳಿದುಕೊಂಡದ್ದನ್ನು ವಾಚಕರಿಗೂ ಹೇಳುತ್ತೇವೆ. ನಮ್ಮ ಮನೆಗಳಲ್ಲಿಯೂ ಇಂಥ ಪ್ರಶ್ನೆ ಕೇಳುವ ಮಕ್ಕಳಿದ್ದಾರೆ.

ಒಬ್ಬನೇ ಕುಳಿತುಕೊಳ್ಳುವ, ಚಕ್ರಗಳಿಗೆ ಮುಚ್ಚಳವಿಲ್ಲದ ಓಟದ ಕಾರುಗಳಿವು. ಎಲ್ಲಕ್ಕೂ ಮೇಲಿನದು ಫಾರ್ಮುಲಾ ವನ್. ಅದರ ಕೆಳಗಿನ ಮೆಟ್ಟಿಲುಗಳೇ ಟೂ, ತ್ರೀ, ಫೋರ್. ನಮ್ಮ ಕಡೆಯ ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಿಕೋಣ ಮೊದಲು ನೇಗಿಲು ಕಿರಿಯದಲ್ಲಿ ಓಡಿ ಪಳಗಿದ ಮೇಲಲ್ಲವೇ ಹಗ್ಗ ಹಿರಿಯಕ್ಕೆ ಬರುವುದು? ಇಲ್ಲಿಯೂ ಎಂಟು ಹತ್ತು ವರ್ಷದ ಮಕ್ಕಳು ಗೋಕಾರ್ಟ್ ಎಂಬ ಪುಟ್ಟ ಗಾಡಿಯಲ್ಲಿ ಕಲಿಯುತ್ತಾರೆ. ಹದಿನೈದು ತುಂಬಿದ ಮೇಲೆ ಫಾರ್ಮುಲಾ ಫೋರ್. ತುತ್ತತುದಿಗೆ ಏರಲು 'ಸೂಪರ್ ಲೈಸೆನ್ಸ್' ಎಂಬ ಪರವಾನಗಿ ಬೇಕು, ಅದಕ್ಕೆ 40 ಅಂಕ ಕೂಡಿಸಬೇಕು. ಫಾರ್ಮುಲಾ ಫೋರ್ ಗೆದ್ದವನಿಗೆ 12 ಅಂಕ. ಫಾರ್ಮುಲಾ ಟೂವಿನಲ್ಲಿ ವರ್ಷದ ಕೊನೆಗೆ ಮೊದಲ ಮೂರರೊಳಗೆ ಬಂದವನಿಗೆ ಪೂರ್ತಿ 40.

ಫಾರ್ಮುಲಾ ಟೂವಿನಲ್ಲಿ ಎಲ್ಲರದೂ ಒಂದೇ ತರದ ಕಾರು, ಒಂದೇ ತರದ ಎಂಜಿನ್. ಸೋತರೆ ಗಾಡಿಯನ್ನು ದೂರುವಂತಿಲ್ಲ. 2024ರಲ್ಲಿ ಕುಶ್ ಮೈನಿ ಇದ್ದ ಇನ್ವಿಕ್ಟಾ ತಂಡದ ಇನ್ನೊಬ್ಬ ಚಾಲಕ ಬ್ರೆಜಿಲಿನ ಗೇಬ್ರಿಯಲ್ ಬೊರ್ಟೊಲೆಟೊ. ಆ ವರ್ಷ ಬೊರ್ಟೊಲೆಟೊ ಚಾಂಪಿಯನ್ ಆಗಿ ಮರುವರ್ಷ ಫಾರ್ಮುಲಾ ವನ್ ಸೇರಿದ. ನಮ್ಮವನು ಮೊದಲ ಹತ್ತರೊಳಗೂ ಬರಲಿಲ್ಲ. ಮೊನಾಕೋದ ಗೆಲುವಿಗೂ ಒಂದು ಟಿಪ್ಪಣಿ ಬೇಕು. ಸಣ್ಣ ಓಟದಲ್ಲಿ, ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಿರುವುಮುರುವಾಗಿ ನಿಲ್ಲಿಸುತ್ತಾರೆ. ಹಾಗಾಗಿ ಹತ್ತನೆಯವನಾಗಿದ್ದ ಇವನು ಎಲ್ಲರಿಗಿಂತ ಮುಂದೆ ನಿಂತು ಹೊರಟ. ಆ ಇಕ್ಕಟ್ಟು ಬೀದಿಗಳಲ್ಲಿ ಗೋಡೆಗೆ ತಾಗಿಸದೆ, ಹಿಂದಿನವರಿಗೆ ಎಡೆ ಕೊಡದೆ ಕೊನೆವರೆಗೆ ಓಡಿಸಿದ್ದು ಮಾತ್ರ ಅವನದೇ ಜಾಣ್ಮೆ.

ಇನ್ನು ಹಣದ ಮಾತು. ಈ ಮೆಟ್ಟಿಲುಗಳಲ್ಲಿ ತಂಡ ಚಾಲಕನಿಗೆ ಸಂಬಳ ಕೊಡುವುದಲ್ಲ, ಚಾಲಕನೇ ತಂಡಕ್ಕೆ ಹಣ ಕಟ್ಟಬೇಕು. ಫಾರ್ಮುಲಾ ಟೂವಿನ ಒಂದು ವರ್ಷಕ್ಕೆ 20 ಲಕ್ಷ ಯೂರೋಗೂ ಮೇಲೆ ಬೇಕೆಂದು ಆ ಕ್ಷೇತ್ರದವರೇ ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 20 ಕೋಟಿ ರೂಪಾಯಿ! ಕುಶ್ ಬೆಂಗಳೂರಿನ ಉದ್ಯಮಿ ಮನೆತನದವನು. ರೇವಾ ವಿದ್ಯುತ್ ಕಾರು ಮಾಡಿದ ಚೇತನ್ ಮೈನಿ ಅವನ ಚಿಕ್ಕಪ್ಪ. ಅಣ್ಣ ಅರ್ಜುನ್ 2011ರಲ್ಲಿ ಫೋರ್ಸ್ ಇಂಡಿಯಾ ತಂಡ ದೇಶವಿಡೀ ಹುಡುಕಿ ಆರಿಸಿದ ಮೂವರು ಹುಡುಗರಲ್ಲಿ ಒಬ್ಬನಾಗಿ, 2018ರಲ್ಲಿ ಫಾರ್ಮುಲಾ ಟೂ ಓಡಿಸಿದ. ಅಲ್ಲಿಂದ ಮೇಲಿನ ಬಾಗಿಲು ಅವನಿಗೂ ತೆರೆಯಲಿಲ್ಲ. ಈಗ ಬೇರೆ ಬಗೆಯ ಕಾರುಗಳ ಓಟದಲ್ಲಿದ್ದಾನೆ. ಇಂಥ ಮನೆಯವರಿಗೇ ಹೀಗಾದರೆ ಚಹಾದಂಗಡಿಯ ಹುಡುಗನಿಗೆ ಏನು ಬರೆಯುವುದು?

ಬರೆಯಲು ಸಿಕ್ಕಿದ್ದು ಕೊಯಮತ್ತೂರಿನ ಕಥೆ. ಅಲ್ಲಿ ಎಸ್. ಕರಿವರ್ಧನ್ ಎಂಬವರಿದ್ದರು. ವಿದೇಶಿ ಓಟದ ಕಾರು ತರಿಸುವುದು ಎಲ್ಲರಿಂದ ಸಾಧ್ಯವಿಲ್ಲವೆಂದು ಕಂಡು, ಮನೆಮನೆಯ ಮಾರುತಿ 800ರ ಎಂಜಿನನ್ನೇ ಇಟ್ಟು ಒಂಟಿ ಆಸನದ ಅಗ್ಗದ ಕಾರು ಮಾಡಿಸಿದರು. ಅದೇ ಫಾರ್ಮುಲಾ ಮಾರುತಿ. ಅದರಲ್ಲಿ ಕೈ ಪಳಗಿಸಿದ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ವನ್ ಓಡಿಸಿದ ಮೊದಲ ಭಾರತೀಯನಾದ. ಅದನ್ನು ನೋಡಲು ಕರಿವರ್ಧನ್ ಇರಲಿಲ್ಲ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋಗಿದ್ದರು. ಕೊಯಮತ್ತೂರಿನ ಬಳಿ ಚೆಟ್ಟಿಪಾಳಯದ ಓಟದ ಪಥಕ್ಕೆ ಅವರ ಹೆಸರಿಟ್ಟಿದ್ದಾರೆ.

ಆ ಪಥದಲ್ಲಿ 'ಫಾರ್ಮುಲಾ ಭಾರತ್' ಎಂಬ ಸ್ಪರ್ಧೆ ನಡೆಯುತ್ತದೆ. ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ನಕ್ಷೆ ಬರೆದು, ಬೆಸುಗೆ ಹಾಕಿ, ಜೋಡಿಸಿದ ಒಂಟಿ ಆಸನದ ಕಾರುಗಳನ್ನು ತರುತ್ತಾರೆ. ವೇಗವನ್ನಷ್ಟೇ ಅಲ್ಲ, ವಿನ್ಯಾಸವನ್ನೂ ಖರ್ಚಿನ ಲೆಕ್ಕವನ್ನೂ ನೋಡಿ ಅಂಕ ಕೊಡುತ್ತಾರೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನವರು 'ಅಶ್ವ' ಎಂಬ ತಂಡ ಕಟ್ಟಿ ಇಂಥ ಕಾರುಗಳನ್ನು ಮಾಡುತ್ತ ಬಂದಿದ್ದಾರೆ.

ಹುಡುಗನಿಗೆ ಇದನ್ನೇ ಬರೆದೆವು. ಗಣಿತ, ವಿಜ್ಞಾನ ಬಿಡಬೇಡ. ಎಂಜಿನಿಯರಿಂಗ್ ಕಾಲೇಜು ಸೇರಿದರೆ ಹೀಗೊಂದು ದಾರಿಯುಂಟು. 20 ಕೋಟಿಯ ಸಂಗತಿಯೂ ನಿನಗೆ ತಿಳಿದಿರಲಿ, ಎಂದು. ಬಚ್ಚಿಡುವುದು ಸರಿಕಾಣಲಿಲ್ಲ.

ಜೂನ್ ಕೊನೆಗೆ ಉತ್ತರ ಬಂತು. ಲಿಪಿ ಮರಾಠಿಯದು, ಮಾತು ಕನ್ನಡ. ನಿಧಾನಕ್ಕೆ ಅಕ್ಷರ ಕೂಡಿಸಿ ಓದಿದೆವು. ಹತ್ತನೆಯ ತರಗತಿಗೆ ಬಂದಿದ್ದಾನಂತೆ, ಬೀಜಗಣಿತ ಬಿಟ್ಟರೆ ಉಳಿದದ್ದು ಕಷ್ಟವಿಲ್ಲವಂತೆ. ಕೊನೆಯ ಸಾಲಿನಲ್ಲಿ ಇನ್ನೊಂದು ಪ್ರಶ್ನೆ: "ಗಾಡಿ ಮಾಡ್ದಂವ್ಗೇ ಹೊಡೀಲಾಕ ಕೊಡ್ತಾರೇನ್ರಿ, ಸರ್?"

ಕೊಡುತ್ತಾರೆ. ಆ ಸ್ಪರ್ಧೆಯಲ್ಲಿ ತಂಡದ ವಿದ್ಯಾರ್ಥಿಗಳೇ ಓಡಿಸಬೇಕು. ಮರುಟಪಾಲಿಗೆ ಹಾಗೆಂದು ಬರೆದು, ಜೊತೆಗೆ ಬೀಜಗಣಿತದ ನಾಲ್ಕು ಲೆಕ್ಕಗಳನ್ನೂ ಬಿಡಿಸಿ ಕಳುಹಿಸಿದ್ದೇವೆ.